ಕಂಚಿನ ಪದಕವೂ ಬೂಟಿನೊಳಗಿನ ಡೈರಿಯೂ

ಮಾನ್ಯ ಸಂಪಾದಕರೇ,
ಕಳೆದ ಸಂಚಿಕೆಯಲ್ಲಿ ಮೊದಲನೆಯ ಮಹಾಯುದ್ಧದ ಬಗೆಗಿನ ಲೇಖನ ಓದಿದೆ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನಾಗಿ ಒಂದು ಆಕ್ಷೇಪ. ಲೇಖಕರು ಸಿಪಾಯಿಗಳ ಕಾಗದ, ಡೈರಿ ಎಂದು ಪುಟ ತುಂಬಿಸಿದ್ದಾರೆ. ಗೋಳಾಟ ಇತಿಹಾಸವಾಗದು. ಸರ್ಕಾರವೇ ಸಂಪುಟಗಟ್ಟಲೆ ಬರೆಸಿದ ಅಧಿಕೃತ ಇತಿಹಾಸ ಇರುವಾಗ ಇವೆಲ್ಲ ಯಾಕೆ? ಅಂದಹಾಗೆ, ನನ್ನ ಅಜ್ಜನ ಅಣ್ಣ ಆ ಯುದ್ಧದಲ್ಲಿ ಬಸ್ರಾಕ್ಕೆ ಹೋದವರು ತಿರುಗಿ ಬರಲಿಲ್ಲ. ಮನೆಯಲ್ಲಿ ಉಳಿದಿರುವುದು ಒಂದು ಪದಕ. ಬೆಳ್ಳಿಯದಲ್ಲ, ಕಂಚಿನದು. ನಕಲಿ ಇರಬೇಕೆಂದು ನಮ್ಮ ತಂದೆ ಹೇಳುತ್ತಿದ್ದರು. ಅವರ ಬಗ್ಗೆ ಎಲ್ಲಾದರೂ ದಾಖಲೆ ಸಿಕ್ಕೀತೇ?
(ನಿವೃತ್ತ ಅಧ್ಯಾಪಕರು, ಹೆಸರು ಹಾಕುವುದು ಬೇಡವೆಂದಿದ್ದಾರೆ)

ಮೇಷ್ಟರೇ,

ನಿಮ್ಮ ಪತ್ರದ ಮೊದಲರ್ಧ ಓದಿ ಸಿಟ್ಟು ಬಂತು. ಉಳಿದರ್ಧ ಓದಿದ ಮೇಲೆ ಆ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ತಲೆಬಾಗಿಲಲ್ಲಿ ನೀವು ಗದರಿಸಿ ಕಳಿಸಿದವನೇ ಹಿತ್ತಲ ಕಡೆಯಿಂದ ಬಂದು ನಿಮ್ಮ ಟ್ರಂಕಿನಲ್ಲಿ ಕುಳಿತಿದ್ದಾನಲ್ಲ! ಮೊದಲು ಪದಕದ ವಿಚಾರ ಮುಗಿಸೋಣ, ಜಗಳ ಆಮೇಲೆ.

ಒಂದು ಮುಖದಲ್ಲಿ ಐದನೆಯ ಜಾರ್ಜ್ ದೊರೆಯ ತಲೆ. ಇನ್ನೊಂದು ಮುಖದಲ್ಲಿ ಕುದುರೆ ಏರಿದ ಬತ್ತಲೆ ಸವಾರ, ಗೊರಸಿನಡಿ ಹದ್ದಿನ ಗುರಾಣಿ ಮತ್ತು ತಲೆಬುರುಡೆ, ಜೊತೆಗೆ 1914, 1918 ಎಂಬ ಇಸವಿಗಳು. ಇಷ್ಟು ಇದ್ದರೆ ಅದು ಬ್ರಿಟಿಷ್ ವಾರ್ ಮೆಡಲ್. ನಕಲಿಯ ಪ್ರಶ್ನೆಯೇ ಇಲ್ಲ. ಬೆಳ್ಳಿಯಲ್ಲಿ ಇದನ್ನು ಲಕ್ಷಗಟ್ಟಲೆ ಅಚ್ಚು ಹಾಕಿದರು, ಕಂಚಿನಲ್ಲಿ ಒಂದು ಲಕ್ಷದ ಮೇಲೆ. ಬಂದೂಕು ಹಿಡಿದವರಿಗೆ ಬೆಳ್ಳಿ. ಭಾರತ, ಚೀನಾ, ಮಾಲ್ಟಾಗಳಿಂದ ಹೋಗಿ ಮೂಟೆ ಹೊತ್ತ, ಹಳಿ ಹಾಕಿದ, ಗುಂಡಿ ತೋಡಿದ ಕೂಲಿ ದಳದವರಿಗೆ ಕಂಚು.

ಅಂದರೆ ನಿಮ್ಮ ದೊಡ್ಡಜ್ಜ ಬಹುಶಃ ಸಿಪಾಯಿಯಲ್ಲ, ‘ಫಾಲೋವರ್’. ನೀರು ಹೊರುವ ಭಿಸ್ತಿ, ಅಡುಗೆಯವನು, ಅಗಸ, ಕುದುರೆ ನೋಡುವ ಸಯೀಸ, ಗಾಯಾಳುಗಳ ಡೋಲಿ ಹೊರುವವನು, ಹೇಸರಗತ್ತೆ ಹೊಡೆಯುವವನು, ಇವರೆಲ್ಲರಿಗೂ ಸೇನೆಯ ಲೆಕ್ಕದ ಪುಸ್ತಕದಲ್ಲಿ ಇದೊಂದೇ ಹೆಸರು. ಆ ಯುದ್ಧಕ್ಕಾಗಿ ಭಾರತದಲ್ಲಿ ಸೇರಿಸಿಕೊಂಡವರಲ್ಲಿ ಐದು ಲಕ್ಷಕ್ಕೂ ಹೆಚ್ಚು ಮಂದಿ ಇಂಥವರು. ಶಿಕ್ಷೆ ಅನುಭವಿಸುತ್ತಿದ್ದವರನ್ನು ಜೈಲಿನಿಂದ ಬಿಡಿಸಿ ಬಸ್ರಾ ಇರುವ ಮೆಸೊಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಿಗೆ, ಸಾಗಿಸಿದ್ದೂ ಉಂಟು. ಲೋಹ ಅಗ್ಗವಾಯಿತೆಂದು ಮನೆಯವರೇ ಅವರನ್ನು ನೂರು ವರ್ಷ ಅನುಮಾನಿಸಿದ್ದೀರಿ.

ಈಗ ಜಗಳ. ಅಧಿಕೃತ ಇತಿಹಾಸದ ಮೇಲೆ ನನಗೆ ಹಗೆಯಿಲ್ಲ. ಮೆಸೊಪೊಟೇಮಿಯಾ ಕಾರ್ಯಾಚರಣೆಯನ್ನು ಕುರಿತು ಎಫ್. ಜೆ. ಮೋಬರ್ಲಿ ಬರೆದ ನಾಲ್ಕು ಸಂಪುಟಗಳು 1923ರಿಂದ 1927ರವರೆಗೆ ಒಂದೊಂದಾಗಿ ಹೊರಬಂದವು. ಯಾವ ದಿನ ಯಾವ ದಳ ಎಲ್ಲಿತ್ತು ಎಂದು ತಿಳಿಯಲು ಅವು ಬೇಕೇ ಬೇಕು. ಶ್ರಮದ ಕೆಲಸ, ಒಪ್ಪಿದೆ. ಆದರೆ ಇಂಥ ಸಂಪುಟಗಳು ತಯಾರಾಗುವ ಬಗೆ ನಿಮಗೆ ಗೊತ್ತಿರಬೇಕಲ್ಲ? ಕರಡನ್ನು ಆ ಯುದ್ಧ ನಡೆಸಿದ ಅಧಿಕಾರಿಗಳಿಗೇ ಕಳಿಸಿ ಅಭಿಪ್ರಾಯ ಕೇಳುತ್ತಿದ್ದರು. ಬೆಲ್ಜಿಯಂನ ಪಾಶ್ಚೆಂಡೇಲ್ ಕದನ ನಡೆದದ್ದು 1917ರಲ್ಲಿ. ಅದರ ಬ್ರಿಟಿಷ್ ಅಧಿಕೃತ ಸಂಪುಟ ಬಂದದ್ದು 1948ರಲ್ಲಿ. ನಡುವೆ ಇನ್ನೊಂದು ಮಹಾಯುದ್ಧವೇ ಆಗಿಹೋಯಿತು. ಉತ್ತರಪತ್ರಿಕೆಯನ್ನು ಬರೆದ ಹುಡುಗನ ಕೈಗೇ ಕೆಂಪು ಪೆನ್ನು ಕೊಡುವ ಮೇಷ್ಟರು ನೀವಾಗಿದ್ದಿರಲಾರಿರಿ.

ನಿಮ್ಮ ದೊಡ್ಡಜ್ಜ ಇಳಿದ ಬಸ್ರಾದ್ದೇ ಒಂದು ಸಂಗತಿ ಹೇಳುತ್ತೇನೆ. ನವೆಂಬರ್ 1915. ಬಾಗ್ದಾದ್ ಇನ್ನೇನು ಸಿಕ್ಕಿತು ಅನ್ನುವಾಗ ಟೆಸಿಫಾನ್‌ನಲ್ಲಿ ತುರ್ಕರಿಂದ ಪೆಟ್ಟು ತಿಂದ ಬ್ರಿಟಿಷ್ ಭಾರತದ ಸೇನೆ ತನ್ನ ಗಾಯಾಳುಗಳನ್ನು ಟೈಗ್ರಿಸ್ ನದಿಯ ಹಡಗುಗಳಿಗೆ ತುಂಬಿ ಕೆಳಗೆ ಕಳಿಸಿತು. ದಡದಲ್ಲಿ ಕಾಯುತ್ತಿದ್ದವರು ಇಂಡಿಯನ್ ಮೆಡಿಕಲ್ ಸರ್ವಿಸ್‌ನ ಮೇಜರ್ ಕಾರ್ಟರ್. ಮೆಜಿದಿಯೆ ಎಂಬ ಹಡಗು ಸಮೀಪಿಸುತ್ತಿದ್ದಾಗ ಅದರ ಬದಿಯಲ್ಲೆಲ್ಲ ಹಗ್ಗಗಳು ಇಳಿಬಿದ್ದ ಹಾಗೆ ಅವರಿಗೆ ಕಂಡಿತು. ಹತ್ತಿರ ಬಂದ ಮೇಲೆ ನೋಡಿದರೆ ಹಗ್ಗವಲ್ಲ, ಮಲ. ಆಮಶಂಕೆಯಲ್ಲಿ ಏಳಲಾರದೆ ಬಿದ್ದಿದ್ದವರ ಮೈಯಿಂದ ಹರಿದು, ಹಡಗಿನ ಅಂಚಿನಿಂದ ಜೋತು, ಹಾಗೆಯೇ ಒಣಗಿದ್ದು. ಕಾರ್ಟರ್ ಕಂಡದ್ದನ್ನು ಕಂಡ ಹಾಗೆ ಬರೆದು ಕೊಟ್ಟರು. ಮೇಲಿನವರು ಅವರನ್ನೇ ಬಂಧಿಸುವುದಾಗಿ ಹೆದರಿಸಿದರು. ಅತ್ತ ತಂತಿಯಲ್ಲಿ ಹೋದ ಅಧಿಕೃತ ವಾರ್ತೆಯ ಪ್ರಕಾರ ಗಾಯಾಳುಗಳ ಸ್ಥಿತಿ ತುಂಬ ತೃಪ್ತಿಕರವಾಗಿತ್ತು! 1917ರಲ್ಲಿ ಇದರ ತನಿಖೆ ನಡೆಸಿದ ಮೆಸೊಪೊಟೇಮಿಯಾ ಆಯೋಗದ ವರದಿ ಹೊರಬಿದ್ದಾಗ ಬ್ರಿಟಿಷ್ ಸರ್ಕಾರದಲ್ಲಿ ಭಾರತದ ಹೊಣೆ ಹೊತ್ತಿದ್ದ ಭಾರತಮಂತ್ರಿ ಆಸ್ಟಿನ್ ಚೇಂಬರ್ಲೇನ್ ರಾಜೀನಾಮೆ ಕೊಟ್ಟರು. ಆಯೋಗದ ವರದಿಯೂ ಸರ್ಕಾರಿ ಕಾಗದವೇ ಅಲ್ಲವೇ ಎಂದು ನೀವು ಕೇಳುವಿರಿ. ಹೌದು. ಒಬ್ಬ ಡಾಕ್ಟರ್ ದಡದಲ್ಲಿ ನಿಂತು ಮೂಗು ಮುಚ್ಚಿಕೊಳ್ಳದೆ ಬರೆದ ಟಿಪ್ಪಣಿ ಅದರೊಳಗೆ ಇಲ್ಲದಿದ್ದರೆ ಇವತ್ತು ಅದನ್ನು ಯಾರು ತೆರೆಯುತ್ತಿದ್ದರು?

ಅದೇ ಸೇನೆ ಕೂತ್ ಊರಿಗೆ ಹಿಮ್ಮೆಟ್ಟಿ, 147 ದಿನ ಮುತ್ತಿಗೆಯಲ್ಲಿ ಸಿಕ್ಕಿ, 1916ರ ಏಪ್ರಿಲ್ 29ರಂದು ಶರಣಾಯಿತು. ಸೆರೆಸಿಕ್ಕವರಲ್ಲಿ ಬೆಂಗಾಲ್ ಆಂಬುಲೆನ್ಸ್ ಕೋರ್‌ನ ಶಿಶಿರ್ ಸರ್ಬಾಧಿಕಾರಿ ಎಂಬ ತರುಣನಿದ್ದ. ಬರೆದಿಟ್ಟಿದ್ದ ಡೈರಿಯ ಹಾಳೆಗಳನ್ನು ಹರಿದು ಬೂಟಿನೊಳಗೆ ಸೇರಿಸಿಕೊಂಡು ನಡೆದ. ಆಮೇಲೆ ಅದನ್ನೇ ಬೇರೆ ಪುಸ್ತಕಕ್ಕೆ ನಕಲು ಮಾಡಿಕೊಂಡ. 1950ರ ದಶಕದ ಕೊನೆಗೆ ಅದು ಬಂಗಾಳಿಯಲ್ಲಿ ಪುಸ್ತಕವಾಯಿತು. ಮರುಭೂಮಿಯ ಬಿಸಿಲಲ್ಲಿ ಕೈದಿಗಳ ಸಾಲಿನಲ್ಲಿ ಕಾಲೆಳೆಯುವವನಿಗೆ ಬೂಟಿನಲ್ಲಿ ಒಂದು ಹರಳು ಸಿಕ್ಕರೂ ಯಾತನೆ. ಈತ ಬೇಕೆಂದೇ ಕಾಗದ ಇಟ್ಟುಕೊಂಡ. ಇದನ್ನು ಗೋಳಾಟ ಎನ್ನುವುದಾದರೆ ನನಗೆ ಅಂಥ ಗೋಳಾಟ ಇನ್ನಷ್ಟು ಬೇಕು.

ಸೆನ್ಸಾರ್ ಕತ್ತರಿ ಆಡಿಸಿದ ಕಾಗದಗಳನ್ನು ನಂಬುವುದು ಹೇಗೆ ಎಂಬ ಆಕ್ಷೇಪವೂ ಇದೆ. ನೀವು ಎತ್ತಿಲ್ಲ, ನಿಮ್ಮ ಪರವಾಗಿ ನಾನೇ ಎತ್ತುತ್ತೇನೆ. ಫ್ರಾನ್ಸ್‌ನಲ್ಲಿದ್ದ ಭಾರತೀಯ ಸಿಪಾಯಿಗಳ ಟಪಾಲನ್ನು ಬೊಲೊನ್ ಬಂದರಿನಲ್ಲಿ ತೆರೆದು ಓದಿ, ಆಯ್ದ ಭಾಗಗಳನ್ನು ಇಂಗ್ಲಿಷಿಗೆ ಅನುವಾದಿಸಿ ಮೇಲಕ್ಕೆ ವರದಿ ಕಳಿಸುವ ಕಚೇರಿ ಇತ್ತು. ಸಿಪಾಯಿಗಳಿಗೆ ಇದು ಗೊತ್ತಿರಲಿಲ್ಲವೆಂದು ತಿಳಿದಿರಾ? ‘ಕರಿ ಮೆಣಸು ಮುಗಿಯುತ್ತ ಬಂತು, ಈಗ ಕೆಂಪು ಮೆಣಸು ಬಳಸುತ್ತಿದ್ದಾರೆ’ ಎಂಬ ಧಾಟಿಯಲ್ಲಿ ಬರೆದರು. ಕರಿ ಮೆಣಸು ಎಂದರೆ ನಮ್ಮವರು, ಕೆಂಪು ಮೆಣಸು ಎಂದರೆ ಬಿಳಿಯರು. ಸೆನ್ಸಾರಿನವರೂ ದಡ್ಡರಲ್ಲ, ಒಗಟನ್ನು ಒಡೆದು ವರದಿಗೆ ಸೇರಿಸಿದರು. ತಮಾಷೆಯೆಂದರೆ ಆ ಕಾಗದಗಳ ಮೂಲ ಪ್ರತಿಗಳು ಬಹುಮಟ್ಟಿಗೆ ಕಳೆದುಹೋಗಿವೆ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿರುವುದು ಸೆನ್ಸಾರನ ವರದಿಗಳೇ. ಕತ್ತರಿ ಹಿಡಿದವನೇ ಕಣಜ ಕಾದ ಹಾಗಾಯಿತು.

ಧ್ವನಿಯೂ ಉಳಿದಿದೆ. ಬರ್ಲಿನ್ ಬಳಿಯ ವ್ಯೂನ್ಸ್‌ಡಾರ್ಫ್ ಶಿಬಿರದ ಭಾರತೀಯ ಸೆರೆಯಾಳುಗಳನ್ನು ಜರ್ಮನ್ ಭಾಷಾತಜ್ಞರು ಗ್ರಾಮಫೋನ್ ಕೊಳವೆಯ ಮುಂದೆ ನಿಲ್ಲಿಸಿ ಮಾತನಾಡಿಸಿದರು. ಅವರಿಗೆ ಬೇಕಾಗಿದ್ದುದು ಉಚ್ಚಾರಣೆಯ ಮಾದರಿ. 1916ರ ಡಿಸೆಂಬರಿನಲ್ಲಿ ಮಲ್ ಸಿಂಗ್ ಎಂಬ ಸಿಪಾಯಿ ತನ್ನ ಕಥೆಯನ್ನೇ ‘ಒಬ್ಬ ಮನುಷ್ಯನಿದ್ದ’ ಎಂದು ಶುರುಮಾಡಿದ. ಹಿಂದೂಸ್ತಾನದಲ್ಲಿ ಅವನು ಬೆಣ್ಣೆ ತಿನ್ನುತ್ತಿದ್ದ, ಯುದ್ಧಕ್ಕೆ ಬಂದ, ಜರ್ಮನರ ಕೈಗೆ ಸಿಕ್ಕ, ಈಗ ಊರಿಗೆ ಹೋಗಬೇಕೆನ್ನುತ್ತಾನೆ ಎಂದು ಹೇಳಿಕೊಂಡ. ಬರ್ಲಿನ್ನಿನ ಹುಂಬೋಲ್ಟ್ ವಿಶ್ವವಿದ್ಯಾಲಯದ ಧ್ವನಿಸಂಗ್ರಹದಲ್ಲಿ ಅದು ಇಂದಿಗೂ ಇದೆ.

ಉಳಿದದ್ದನ್ನು ಹೀಗೆ ಮುದ್ದಾಡುವುದಕ್ಕೆ ಕಾರಣ, ಹೋದದ್ದು ಅಷ್ಟಿದೆ. 1940ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಒಂದು ಉಗ್ರಾಣಕ್ಕೆ ಬಾಂಬು ಬಿದ್ದು ಮೊದಲ ಯುದ್ಧದ ಬ್ರಿಟಿಷ್ ಸೈನಿಕರ ಸೇವಾ ಕಡತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸುಟ್ಟವು. ಅಂಚು ಕರಿದಾಗಿ ಉಳಿದವಕ್ಕೆ ಇಂದಿಗೂ ‘ಸುಟ್ಟ ಕಾಗದಗಳು’ ಎಂದೇ ಹೆಸರು. 1945ರ ಏಪ್ರಿಲಿನಲ್ಲಿ ಜರ್ಮನಿಯ ಪಾಟ್ಸ್‌ಡಾಮ್ ಮೇಲೆ ಬಿದ್ದ ಬಾಂಬುಗಳಿಗೆ ಪ್ರಷ್ಯಾ ಸೇನೆಯ ದಾಖಲೆಗಳು ಬಹುಪಾಲು ಆಹುತಿಯಾದವು. ಬವೇರಿಯಾದ ಕಾಗದಗಳು ಮ್ಯೂನಿಕ್‌ನಲ್ಲಿದ್ದುದರಿಂದ ಬಚಾವಾದವು. ಜರ್ಮನ್ ಸಿಪಾಯಿಗಳ ಬದುಕಿನ ಬಗ್ಗೆ ಬರೆಯುವವರು ಮತ್ತೆ ಮತ್ತೆ ಬವೇರಿಯಾದವರನ್ನೇ ಹಿಡಿದುಕೊಳ್ಳುವುದಕ್ಕೆ ಇದೂ ಒಂದು ಕಾರಣ. 1973ರ ಜುಲೈನಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ಯುದ್ಧವೇ ಇಲ್ಲದೆ ಬೆಂಕಿ ಬಿದ್ದು ಸೈನಿಕರ 1.6 ಕೋಟಿಯಿಂದ 1.8 ಕೋಟಿ ಕಡತಗಳು ಬೂದಿಯಾದವು. ಪ್ರತಿ ತೆಗೆದಿಟ್ಟಿರಲಿಲ್ಲ, ಸೂಚಿಯನ್ನೂ ಮಾಡಿರಲಿಲ್ಲ.

ಬೆಂಕಿಯನ್ನಾದರೂ ಕ್ಷಮಿಸಬಹುದು, ಬರೆಯದೆ ಬಿಟ್ಟದ್ದನ್ನು ಹೇಗೆ ಕ್ಷಮಿಸುವುದು? ಬಸ್ರಾ ಸ್ಮಾರಕ ನೆನೆಯುವುದು ಗೋರಿಯಿಲ್ಲದ 40,000ಕ್ಕೂ ಹೆಚ್ಚು ಮಂದಿಯನ್ನು. ಕಲ್ಲಿನ ಮೇಲೆ ಅಧಿಕಾರಿಗಳಿಗೆ ಹೆಸರಿತ್ತು. ಭಾರತದ ಸಾಮಾನ್ಯ ಸಿಪಾಯಿಗಳಿಗೂ ಫಾಲೋವರ್‌ಗಳಿಗೂ ಬರೀ ಅಂಕಿ. ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ತನ್ನದೇ ಹಳೆಯ ಕಡತಗಳನ್ನು ಕೆದಕಿಸಿ 2021ರಲ್ಲಿ ಒಪ್ಪಿಕೊಂಡಿತು: ಹೆಚ್ಚಾಗಿ ಪೂರ್ವ ಆಫ್ರಿಕಾ, ಈಜಿಪ್ಟಿನವರಾದ ಕನಿಷ್ಠ 1,16,000 ಮಂದಿಗೆ, ಬಹುಶಃ 3,50,000 ಮಂದಿಯವರೆಗೂ, ಹೆಸರಿನ ಸ್ಮರಣೆ ಸಿಗಲಿಲ್ಲ ಅಥವಾ ಸ್ಮರಣೆಯೇ ಸಿಗಲಿಲ್ಲ.

ಇದನ್ನು ಓದಿದಾಗ ನನಗೆ ನೆನಪಾದದ್ದು ಮಂಡ್ಯ ಸೀಮೆಯ ಆತಕೂರಿನ ವೀರಗಲ್ಲು. ನೀವು ಪಾಠ ಮಾಡಿಯೇ ಇರುತ್ತೀರಿ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಬಿದ್ದದ್ದು, ಗಂಗರ ಅರಸ ಬೂತುಗನ ಬಂಟ ಮಣಲೇರ ಮೆಚ್ಚುಗೆಯಾಗಿ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದದ್ದು, ಆ ನಾಯಿ ಹಂದಿಯೊಡನೆ ಹೋರಾಡಿ ಹಂದಿಯೂ ತಾನೂ ಸತ್ತದ್ದು ಎಲ್ಲ ಅದರಲ್ಲಿದೆ. ಕಲ್ಲಿನ ಪೂಜೆಗೆ ಭೂಮಿ ಬಿಟ್ಟು, ಪೂಜೆ ಮಾಡದೆ ಉಂಡ ಗೊರವನಿಗೆ (ಶೈವ ಪೂಜಾರಿಗೆ) ಪಾಪ ತಟ್ಟಲಿ ಎಂದು ಕೂಡ ಕಂಡರಿಸಿದರು. ಹತ್ತನೆಯ ಶತಮಾನದಲ್ಲಿ ಒಂದು ನಾಯಿಗೆ ಸಿಕ್ಕ ಹೆಸರಿನ ಗೌರವ ಇಪ್ಪತ್ತನೆಯ ಶತಮಾನದಲ್ಲಿ ನಿಮ್ಮ ದೊಡ್ಡಜ್ಜನಿಗೆ ದಕ್ಕಲಿಲ್ಲ.

ಪರದೇಶದವರನ್ನು ಬೈದು ನಾವು ಕೈ ತೊಳೆದುಕೊಳ್ಳುವ ಹಾಗಿಲ್ಲ. ಹಿಂದೊಮ್ಮೆ ಯುದ್ಧಕಾಲದ ಕೂಲಿ ಭರ್ತಿಯ ಕಾಗದಗಳನ್ನು ಹುಡುಕಿಕೊಂಡು ಒಂದು ಕಚೇರಿಯ ರೆಕಾರ್ಡ್ ರೂಮಿಗೆ ಹೋಗಿದ್ದೆ. ಸೂಚಿಯಲ್ಲಿ ಕಟ್ಟಿನ ಸಂಖ್ಯೆ ಸಿಕ್ಕಿತು. ಅಲ್ಲಿನ ಜವಾನ ಏಣಿ ಹತ್ತಿ, ಧೂಳು ಕೊಡವಿ, ಆ ಜಾಗದಲ್ಲಿ ಮುರಿದ ಕುರ್ಚಿಯ ಕೈಯೊಂದನ್ನು ಕಂಡು ಕೆಳಗಿಳಿದ. ಆಮೇಲೆ ಇನ್ನೊಂದು ರಿಜಿಸ್ಟರ್ ತಂದು ತೋರಿಸಿದ: ನಾನು ಹೋಗುವುದಕ್ಕೆ ಎರಡು ವರ್ಷ ಮೊದಲು, ಕೆಂಪು ಮಸಿಯಲ್ಲಿ, ‘ಅನುಪಯುಕ್ತ, ವಿಲೇವಾರಿ ಮಾಡಲಾಗಿದೆ’ ಎಂಬ ಶರಾ. ಕೆಳಗೆ ರುಜು. ರುಜುವನ್ನೂ ಓದಲಾಗಲಿಲ್ಲ.

ಮನೆಗಳಲ್ಲಿ ಈ ಶರಾ ಕೂಡ ಇಲ್ಲದೆ ಕೆಲಸ ಮುಗಿಯುತ್ತದೆ. ಅಜ್ಜ ತೀರಿಕೊಂಡ ತಿಂಗಳಲ್ಲಿ ಟ್ರಂಕು ರದ್ದಿಯವನಿಗೆ. ಐವತ್ತು ವರ್ಷದ ಕಾಗದ ಕಿಲೋ ಲೆಕ್ಕದಲ್ಲಿ. ಆಮೇಲೆ ಮೊಮ್ಮಗ ಬಂದು ‘ಎಲ್ಲ ನೆಟ್‌ನಲ್ಲಿ ಇದೆಯಂತಲ್ಲ’ ಎನ್ನುತ್ತಾನೆ. ಇದೆ, ಹುಡುಕಲು ಬರಬೇಕು. ಬೇರೆ ಸೀಮೆಯ ಗುಮಾಸ್ತ ಕಿವಿಗೆ ಬಿದ್ದ ಹಾಗೆ ಇಂಗ್ಲಿಷಿನಲ್ಲಿ ಬರೆದುಕೊಂಡಲ್ಲಿ ಕಾಳಪ್ಪ, ಕಲ್ಲಪ್ಪ, ಕಾಲಪ್ಪ ಮೂವರೂ ಒಬ್ಬರೇ ಆಗುತ್ತಾರೆ. ಒಬ್ಬನೇ ಕಾಳಪ್ಪ ಮೂರು ಕಾಗುಣಿತದಲ್ಲಿ ಮೂವರಾಗುತ್ತಾನೆ. ಯಾವ ಹುಡುಕುಪೆಟ್ಟಿಗೆಗೂ ನಮ್ಮ ಳಕಾರ ಗೊತ್ತಿಲ್ಲ.

ಹಾಗೆಂದು ಕೈಚೆಲ್ಲಬೇಡಿ. ಪಂಜಾಬಿನಲ್ಲಿ ಯುದ್ಧ ಮುಗಿದ ಮೇಲೆ ಹಳ್ಳಿ ಹಳ್ಳಿಯ ಲೆಕ್ಕ ಬರೆಸಿದ್ದ ರಿಜಿಸ್ಟರುಗಳು ಲಾಹೋರ್ ವಸ್ತುಸಂಗ್ರಹಾಲಯದಲ್ಲಿ ಸುಮಾರು ನೂರು ವರ್ಷ ಸುಮ್ಮನೆ ಬಿದ್ದಿದ್ದವು. ಸುಮಾರು 3,20,000 ಮಂದಿಯ ವಿವರ ಅವುಗಳಲ್ಲಿದೆ, ಈಗ ಹುಡುಕಲೂ ಸಿಗುತ್ತಿದೆ. ನಿಮ್ಮ ಮಟ್ಟಿಗೆ, ದೊಡ್ಡಜ್ಜ ಅಲ್ಲಿಯೇ ತೀರಿಕೊಂಡಿದ್ದರೆ ಮೊದಲು ಗ್ರೇವ್ಸ್ ಕಮಿಷನ್ನಿನ ಪಟ್ಟಿ ನೋಡಿ. ಕಲ್ಲಿನಲ್ಲಿ ಇಲ್ಲದ ಎಷ್ಟೋ ಹೆಸರುಗಳು ಈಗ ಅಲ್ಲಿ ಸೇರಿವೆ. ಸೆರೆಸಿಕ್ಕಿರುವ ಅನುಮಾನವಿದ್ದರೆ ಜಿನೀವಾದ ರೆಡ್ ಕ್ರಾಸ್‌ನ ಸೆರೆಯಾಳು ಕಾರ್ಡುಗಳಿವೆ, ಲಕ್ಷಗಟ್ಟಲೆ. 2014ರಿಂದ ಮನೆಯಲ್ಲೇ ಕುಳಿತು ನೋಡಬಹುದು. ದಳದ ಹೆಸರು ತಿಳಿದರೆ ಲಂಡನ್ನಿನ ಕ್ಯೂ (Kew) ಎಂಬ ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ಯುದ್ಧ ದಿನಚರಿಗಳು, ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯದ ಸೇನಾ ಇಲಾಖೆಯ ಕಡತಗಳು. ದಿನಚರಿಯಲ್ಲಿ ಅಧಿಕಾರಿಗಳ ಹೆಸರು, ಉಳಿದವರ ಸಂಖ್ಯೆ ಇರುತ್ತದೆಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇಸರಪಡಬೇಡಿ. ಮೋಬರ್ಲಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ, ಬೇಡವೆನ್ನುವುದಿಲ್ಲ.

ಅದಕ್ಕೆಲ್ಲ ಮುಂಚೆ ಪದಕದ ಅಂಚು. ಮುಖವಲ್ಲ, ಅಂಚು. ಸಂಖ್ಯೆ, ಹುದ್ದೆ, ಹೆಸರು, ದಳ ಇಷ್ಟನ್ನೂ ಅಲ್ಲಿಯೇ ಒತ್ತಿರುತ್ತಾರೆ. ಹೊಳಪು ಬರಲೆಂದು ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಅಕ್ಷರಗಳು ಈಗಾಗಲೇ ಸವೆದಿರುತ್ತವೆ. ತೆಳ್ಳನೆಯ ಕಾಗದವನ್ನು ಅಂಚಿಗೆ ಸುತ್ತಿ, ಸೀಸದಕಡ್ಡಿಯನ್ನು ಓರೆಯಾಗಿ ಹಿಡಿದು ಮೆಲ್ಲಗೆ ಉಜ್ಜಿ. ಆ ಕಾಗದವನ್ನು ಮುಂದಿನ ಟಪಾಲಿನಲ್ಲಿ ನನ್ನ ಹೆಸರಿಗೆ ಕಳಿಸಿ; ಪದಕ ನಿಮ್ಮಲ್ಲೇ ಇರಲಿ.

ಸಂಪಾದಕ