ಕೊರಿಯಾದಿಂದ ಎಂಟು ತಿಂಗಳು, ಕೊಪ್ಪಳದಿಂದ ಇಪ್ಪತ್ತು

ಪ್ರಶ್ನೆ: ದೊಡ್ಡ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತೆಂದು ಪತ್ರಿಕೆಯಲ್ಲಿ ಓದಿ ಆಸೆಪಟ್ಟರೆ ಆ ಸಿನಿಮಾ ಬೆಂಗಳೂರಿನ ಯಾವ ಚಿತ್ರಮಂದಿರದಲ್ಲೂ ಇರುವುದಿಲ್ಲ. ಸುದ್ದಿಯೇ ಮರೆತ ಮೇಲೆ ಒಂದು ಶುಕ್ರವಾರ ಬಂದು, ನಮಗೆ ಗೊತ್ತಾಗುವಷ್ಟರಲ್ಲಿ ಹೋಗಿರುತ್ತದೆ. ಇಷ್ಟು ತಡವೇಕೆ?
– ಓದುಗರು, ಪದ್ಮನಾಭನಗರ

ಉತ್ತರ: ಪ್ರಶಸ್ತಿ ಕೊಡುವವರು ಒಬ್ಬರು, ಸಿನಿಮಾ ಮಾರುವವರು ಇನ್ನೊಬ್ಬರು, ಕೊಂಡು ತರುವವರು ಮತ್ತೊಬ್ಬರು. ವಿದೇಶಿ ಚಿತ್ರದ ಹಕ್ಕು ದೇಶ ದೇಶಕ್ಕೆ ಬಿಡಿಬಿಡಿಯಾಗಿ ಮಾರಾಟವಾಗುತ್ತದೆ. ಭಾರತದ ಪಾಲನ್ನು ಕೊಂಡವರು ಸೆನ್ಸಾರ್ ಮಾಡಿಸಿ, ಸ್ಟಾರ್ ನಟರ ಸಿನಿಮಾ ಇಲ್ಲದ ಒಂದು ಶುಕ್ರವಾರವನ್ನು ಹುಡುಕಬೇಕು. ಕೆಲವರು ಆಸ್ಕರ್ ಹತ್ತಿರ ಬರಲೆಂದು ಬೇಕೆಂದೇ ಕಾಯುತ್ತಾರೆ. ಆಗ ಚಿತ್ರ ಎರಡನೇ ಸಲ ಸುದ್ದಿಯಾಗುತ್ತದೆ, ಜಾಹೀರಾತಿನ ಖರ್ಚು ಉಳಿಯುತ್ತದೆ.

ಸ್ವಲ್ಪ ಲೆಕ್ಕ ಹಾಕೋಣ. ಕೊರಿಯಾದ ‘ಪ್ಯಾರಸೈಟ್’ಗೆ 2019ರ ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಾಮ್ ದೋರ್ ಬಂತು. ಭಾರತದಲ್ಲಿ ಬಿಡುಗಡೆಯಾದದ್ದು 2020ರ ಜನವರಿ 31ರಂದು, ಅಂದರೆ ಎಂಟು ತಿಂಗಳ ಮೇಲೆ. ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್’ 2024ರ ಮೇ ತಿಂಗಳಲ್ಲಿ ಕಾನ್‌ನ ಎರಡನೇ ದೊಡ್ಡ ಪ್ರಶಸ್ತಿ ಗ್ರಾಂಡ್ ಪ್ರಿ ಗೆದ್ದು, ನವೆಂಬರ್ 22ರಂದು ದೇಶದಾದ್ಯಂತ ತೆರೆಗೆ ಬಂತು. ಆರು ತಿಂಗಳು. ಮಂಡ್ಯ ಜಿಲ್ಲೆಯ ಹಳ್ಳಿಗರೇ ನಟಿಸಿದ ನಮ್ಮ ‘ತಿಥಿ’ 2015ರ ಆಗಸ್ಟ್‌ನಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದು, ಇಲ್ಲಿಗೆ ಬಂದದ್ದು 2016ರ ಮೇ ತಿಂಗಳಲ್ಲಿ.

ಇನ್ನು ‘ಶಿವಮ್ಮ’. ಜೈಶಂಕರ್ ಆರ್ಯರ್ ಅವರ ಈ ಚಿತ್ರದ ನಾಯಕಿ ಶಾಲೆಯ ಬಿಸಿಯೂಟದ ಅಡುಗೆಯವಳು. ನೆಟ್‌ವರ್ಕ್ ಮಾರ್ಕೆಟಿಂಗ್ ನಂಬಿ ಇದ್ದಬದ್ದ ಹಣ ಹಾಕುತ್ತಾಳೆ. ಚಿತ್ರೀಕರಣ ನಡೆದದ್ದು ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ, ಮಾತು ಅಲ್ಲಿನದೇ ಕನ್ನಡ. 2022ರ ಅಕ್ಟೋಬರ್‌ನಲ್ಲಿ ಬುಸಾನ್ ಚಿತ್ರೋತ್ಸವದ ‘ನ್ಯೂ ಕರೆಂಟ್ಸ್’ ಪ್ರಶಸ್ತಿ ಪಡೆದ ಈ ಚಿತ್ರ ಕರ್ನಾಟಕದ ಪರದೆಗೆ ಬಂದದ್ದು 2024ರ ಜೂನ್ 14ರಂದು. ಇಪ್ಪತ್ತು ತಿಂಗಳು! ಬುಸಾನ್ ಇರುವುದೂ ಕೊರಿಯಾದಲ್ಲೇ. ಕೊರಿಯಾದವರ ಸಿನಿಮಾ ಬಂದುದಕ್ಕಿಂತ ಒಂದು ವರ್ಷ ನಿಧಾನವಾಗಿ, ಕೊರಿಯಾದವರು ಮೆಚ್ಚಿದ ನಮ್ಮ ಸಿನಿಮಾ ನಮಗೆ ತಲುಪಿತು.

ನಮ್ಮ ಸಣ್ಣ ಚಿತ್ರಗಳು ಹೀಗೆ ತಡವಾಗುವುದಕ್ಕೆ ಎರಡು ಮಾಮೂಲಿ ಕಾರಣಗಳಿವೆ. ಬಹಳಷ್ಟು ಉತ್ಸವಗಳು ಈಗಾಗಲೇ ಬಿಡುಗಡೆಯಾದ ಚಿತ್ರವನ್ನು ಸ್ಪರ್ಧೆಗೆ ಸೇರಿಸುವುದಿಲ್ಲ. ಹಾಗಾಗಿ ಉತ್ಸವಗಳ ಸುತ್ತು ಮುಗಿಯುವ ತನಕ ನಿರ್ಮಾಪಕರು ಚಿತ್ರವನ್ನು ಪೆಟ್ಟಿಗೆಯಿಂದ ತೆಗೆಯುವುದಿಲ್ಲ. ಸುತ್ತು ಮುಗಿಯುವ ವೇಳೆಗೆ ಕೈಯಲ್ಲಿ ಪೋಸ್ಟರ್ ಅಂಟಿಸಲೂ ಕಾಸಿರುವುದಿಲ್ಲ. ಯಾವುದಾದರೂ ಓಟಿಟಿ ಕೊಂಡೀತು ಎಂದು ಆಮೇಲೆ ಇನ್ನಷ್ಟು ದಿನ ಕಾಯುತ್ತಾರೆ. ಕನ್ನಡದ ಸಣ್ಣ ಚಿತ್ರವೆಂದರೆ ಓಟಿಟಿಯವರು ಫೋನ್ ಎತ್ತುವುದೂ ಕಷ್ಟ.

ಪ್ರಶ್ನೆ: ಈಗ ಬರುವ ಪ್ರತಿ ಪೋಸ್ಟರ್‌ನಲ್ಲೂ ಎರಡು ಎಲೆಗೊಂಚಲ ನಡುವೆ ಪ್ರಶಸ್ತಿಯ ಹೆಸರು. ಯಾವುದನ್ನು ನಂಬುವುದು?
– ಕಾಲೇಜು ವಿದ್ಯಾರ್ಥಿನಿ, ಜಯನಗರ

ಉತ್ತರ: ಎಲೆಗಳನ್ನು ಬಿಟ್ಟು ಒಳಗಿನ ಸಣ್ಣ ಅಕ್ಷರಗಳನ್ನು ಓದಿ. ಉತ್ಸವದ ಹೆಸರಿನ ಜೊತೆ ವಿಭಾಗದ ಹೆಸರು ಇರಬೇಕು. ಗೆದ್ದಿದೆಯೋ, ಆಯ್ಕೆಯಷ್ಟೇ ಆಗಿದೆಯೋ ಎಂಬುದು ಸ್ಪಷ್ಟವಿರಬೇಕು. ‘ಕಾನ್‌ನಲ್ಲಿ ಪ್ರದರ್ಶನ ಕಂಡ’ ಎಂದಷ್ಟೇ ಬರೆದಿದ್ದರೆ ಹುಬ್ಬೇರಿಸಿ. ಉತ್ಸವದ ಜೊತೆಗೇ ಅಲ್ಲಿ ಸಿನಿಮಾ ಸಂತೆಯೂ ನಡೆಯುತ್ತದೆ. ಅಲ್ಲಿ ದುಡ್ಡು ಕಟ್ಟಿದರೆ ಒಂದು ಹೊತ್ತಿನ ಪರದೆ ಬಾಡಿಗೆಗೆ ಸಿಗುತ್ತದೆ. ತೀರ್ಪುಗಾರರು ಆ ಕಡೆ ತಲೆಹಾಕಿಯೂ ನೋಡಿರುವುದಿಲ್ಲ. ಪ್ರವೇಶ ಶುಲ್ಕ ವಸೂಲು ಮಾಡಿ ತಿಂಗಳಿಗೊಮ್ಮೆ ಕೇಳಿದವರಿಗೆಲ್ಲ ಪ್ರಶಸ್ತಿ ಹಂಚುವ ಆನ್‌ಲೈನ್ ಉತ್ಸವಗಳೂ ಇವೆ. ಅಲ್ಲಿ ಸೋಲುವುದಕ್ಕೆ ಪ್ರತಿಭೆ ಬೇಕು.

ಹಾಗೆಂದು ಮುಖ್ಯ ಸ್ಪರ್ಧೆಯ ಹೊರಗಿನದೆಲ್ಲ ಹಗುರ ಎಂದುಕೊಳ್ಳಬೇಡಿ. ಬುಸಾನ್‌ನ ‘ನ್ಯೂ ಕರೆಂಟ್ಸ್’ ಏಷ್ಯಾದ ನಿರ್ದೇಶಕರ ಮೊದಲ ಅಥವಾ ಎರಡನೆಯ ಚಿತ್ರಕ್ಕೆ ಮೀಸಲಾಗಿದ್ದ ವಿಭಾಗ. ‘ತಿಥಿ’ ಲೊಕಾರ್ನೊದ ‘ಚಿನ್ನದ ಚಿರತೆ’ ಪ್ರಶಸ್ತಿ ಗೆದ್ದದ್ದು ಕೂಡ ಹೊಸಬರ ವಿಭಾಗದಲ್ಲಿ. ವೈದ್ಯಕೀಯ ಓದಿ, ಬಳಿಕ ಪುಣೆಯ ಫಿಲಂ ಇನ್‌ಸ್ಟಿಟ್ಯೂಟ್ ಸೇರಿದ ಮೈಸೂರಿನ ಚಿದಾನಂದ ನಾಯ್ಕ್ 2024ರಲ್ಲಿ ಕಾನ್‌ನ ‘ಲಾ ಸಿನೆಫ್’ ಮೊದಲ ಬಹುಮಾನ ಪಡೆದರು. ಅದು ಚಿತ್ರಶಾಲೆಗಳ ವಿದ್ಯಾರ್ಥಿಗಳ ವಿಭಾಗ. ಹುಂಜವನ್ನು ಕದ್ದೊಯ್ಯುವ ಅಜ್ಜಿಯ ಜನಪದ ಕತೆಯಿಂದ ಹುಟ್ಟಿದ ಚಿತ್ರ, ಅವಧಿ ಹದಿನಾರು ನಿಮಿಷ. ಅದನ್ನು ಪಾಮ್ ದೋರ್ ಎಂದು ಕರೆದರೆ ತಪ್ಪು. ಆದರೆ ನಿಮ್ಮ ವಯಸ್ಸಿನವರು ಕಣ್ಣಿಡಬೇಕಾದ ಬಹುಮಾನ ಅದೇ.

ಪ್ರಶ್ನೆ: ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ಹತ್ತನೇ ತರಗತಿಯ ಮಗನನ್ನು ಕರೆದುಕೊಂಡು ಹೋಗಬಹುದೆ?
– ಓದುಗರು, ಯಲಹಂಕ

ಉತ್ತರ: ಇಲ್ಲ. ಉತ್ಸವದ ಚಿತ್ರಗಳಿಗೆ ಸೆನ್ಸಾರ್ ಪ್ರಮಾಣಪತ್ರ ಇರುವುದಿಲ್ಲ, ಕೇಂದ್ರ ಸರ್ಕಾರ ವಿನಾಯಿತಿ ಕೊಟ್ಟಿರುತ್ತದೆ. ಆದ್ದರಿಂದಲೇ ಹೆಸರು ನೋಂದಾಯಿಸಿಕೊಂಡ ಪ್ರತಿನಿಧಿಗಳಿಗೆ ಮಾತ್ರ ಪ್ರವೇಶ, ಅವರಿಗೆ ಹದಿನೆಂಟು ತುಂಬಿರಬೇಕು. ಇನ್ನೆರಡು-ಮೂರು ವರ್ಷ ಕಾಯಲಿ.

ಪ್ರಶ್ನೆ: ಪ್ರಶಸ್ತಿ ಬಂದ ಕನ್ನಡ ಚಿತ್ರವೊಂದು ಶುಕ್ರವಾರ ಬಿಡುಗಡೆಯಾಯಿತು. ಸೋಮವಾರ ರಜೆ ಹಾಕಿ ಹೊರಟೆ. ಇಡೀ ಬೆಂಗಳೂರಿನಲ್ಲಿ ಉಳಿದದ್ದು ಎರಡು ಪ್ರದರ್ಶನ, ಒಂದು ಬೆಳಗ್ಗೆ 9.30ಕ್ಕೆ ವೈಟ್‌ಫೀಲ್ಡ್‌ನಲ್ಲಿ, ಇನ್ನೊಂದು ರಾತ್ರಿ 10.40ಕ್ಕೆ. ಇದು ಅನ್ಯಾಯವಲ್ಲವೆ?
– ಓದುಗರು, ವಿದ್ಯಾರಣ್ಯಪುರ

ಉತ್ತರ: ಅನ್ಯಾಯವೇ, ಆದರೆ ಲೆಕ್ಕದ ಪ್ರಕಾರ ನಡೆದ ಅನ್ಯಾಯ. ಶುಕ್ರವಾರದಿಂದ ಭಾನುವಾರದವರೆಗೆ ಎಷ್ಟು ಸೀಟು ತುಂಬಿತು ಎಂಬುದನ್ನು ನೋಡಿ ಮಲ್ಟಿಪ್ಲೆಕ್ಸ್‌ನವರು ಸೋಮವಾರದಿಂದಲೇ ಪ್ರದರ್ಶನ ಕತ್ತರಿಸುತ್ತಾರೆ. ಬೆಳಗ್ಗೆ 9.30ಕ್ಕೆ ಜನ ಬರಲಿಲ್ಲ ಎಂದು ಸಂಜೆಯ ಪ್ರದರ್ಶನ ತೆಗೆಯುವ ತರ್ಕ ನನಗೆ ಇಂದಿಗೂ ಅರ್ಥವಾಗಿಲ್ಲ. ಒಂಟಿ ಪರದೆಯ ಚಿತ್ರಮಂದಿರಕ್ಕೆ ಹೋಗೋಣವೆಂದರೆ ಅಲ್ಲಿ ವಾರದ ಬಾಡಿಗೆಯನ್ನು ಮುಂಗಡ ಕಟ್ಟಬೇಕು, ಸಣ್ಣ ನಿರ್ಮಾಪಕರಿಗೆ ಅದು ಎಟುಕುವುದಿಲ್ಲ. ಗಾಂಧಿನಗರದಲ್ಲಿ ಈ ಮಾತನ್ನು ಯಾರೂ ಗುಟ್ಟಾಗಿ ಹೇಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ಗೆಳೆಯರೊಬ್ಬರ ಚಿತ್ರದ ವಿತರಣೆಯಲ್ಲಿ ನಾನೂ ಕೈಜೋಡಿಸಿದ್ದೆ. ಶುಕ್ರವಾರ ಬೆಳಗಿನ ಹತ್ತರ ಆಟ, ಒಳಗೆ ಹನ್ನೊಂದು ಜನ. ಚಿತ್ರದ ಹಾರ್ಡ್ ಡಿಸ್ಕ್ ಬಂದಿತ್ತು, ತೆರೆಯುವ ಕೀ ಕೂಡ ಬಂದಿತ್ತು. ಈ ಕೀ ಎಂಬುದು ಇಂಥದೇ ಪರದೆಯ ಯಂತ್ರ, ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಬರೆದಿಟ್ಟ ಕಂಪ್ಯೂಟರ್ ಫೈಲು. ನಮಗೆ ಬಂದದ್ದು ಎರಡನೇ ಪರದೆಯ ಕೀ, ಜನ ಕೂತಿದ್ದದ್ದು ನಾಲ್ಕನೆಯದರಲ್ಲಿ. ಎರಡನೆಯದರಲ್ಲಿ ಆಗಲೇ ಬೇರೆ ಸಿನಿಮಾ ಓಡುತ್ತಿತ್ತು. ಹೊಸ ಕೀ ಮೇಲ್‌ನಲ್ಲಿ ಬರುವಷ್ಟರಲ್ಲಿ ನಲವತ್ತು ನಿಮಿಷ ಕಳೆದು, ನಾಲ್ವರು ಎದ್ದು ಹೋಗಿ ಹಣ ವಾಪಸು ಪಡೆದಿದ್ದರು. ಉಳಿದ ಏಳು ಜನಕ್ಕೆ ನಾನೇ ಕಾಫಿ ತಂದುಕೊಟ್ಟೆ. ಸಂಜೆಯ ವರದಿಯಲ್ಲಿ ಬಂದದ್ದು ‘ಏಳು’ ಎಂಬ ಅಂಕಿ ಮಾತ್ರ. ಕೀಯ ಕತೆ ಬರೆಯುವುದಕ್ಕೆ ಆ ವರದಿಯಲ್ಲಿ ಜಾಗವಿರಲಿಲ್ಲ.

ಇನ್ನೊಂದು ವಿಷಯವನ್ನು ಪ್ರೇಕ್ಷಕರಿಗೆ ಯಾರೂ ಹೇಳುವುದಿಲ್ಲ. ಮಲ್ಟಿಪ್ಲೆಕ್ಸ್‌ನಲ್ಲಿ ಸಾಮಾನ್ಯವಾಗಿ ತೆರಿಗೆ ಕಳೆದ ಗಳಿಕೆಯಲ್ಲಿ ಮೊದಲ ವಾರ ಸುಮಾರು ಅರ್ಧ ಚಿತ್ರದವರಿಗೆ ಸಿಗುತ್ತದೆ, ವಾರ ಉರುಳಿದಂತೆ ಆ ಪಾಲು ಇಳಿಯುತ್ತದೆ. ಮೂರನೇ ವಾರ ನೀವು ಕೊಡುವ ಅದೇ ಟಿಕೆಟ್ ಹಣದಲ್ಲಿ ನಿರ್ದೇಶಕರ ಕಡೆಗೆ ಹೋಗುವುದು ಕಡಿಮೆ. ಹಾಗಾಗಿ ರಜೆ ಹಾಕುವುದಾದರೆ ಶುಕ್ರವಾರವೇ ಹಾಕಿ. ವಾರಾಂತ್ಯದ ದರ ದುಬಾರಿ ಎನ್ನುತ್ತೀರಿ, ನಿಜ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ 200 ರೂಪಾಯಿ ಮಿತಿ ತಂದಿತು, ಅದೇ ತಿಂಗಳು ಹೈಕೋರ್ಟ್ ತಡೆ ನೀಡಿತು. ಶುಕ್ರವಾರ ಮಧ್ಯಾಹ್ನದ ಆಟ ಭಾನುವಾರಕ್ಕಿಂತ ಸಾಮಾನ್ಯವಾಗಿ ಅಗ್ಗ. ತಪ್ಪಿಹೋದರೆ ಬನಶಂಕರಿ ಎರಡನೇ ಹಂತದ ಸುಚಿತ್ರಾ ಫಿಲಂ ಸೊಸೈಟಿಯ ಕಾರ್ಯಕ್ರಮಪಟ್ಟಿ ನೋಡುತ್ತಿರಿ. 1971ರಿಂದ ಇಂಥ ಚಿತ್ರ ತೋರಿಸುವುದೇ ಅವರ ಕೆಲಸ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಬೇರೆ ಭಾಷೆಯ ಚಿತ್ರ ನೋಡುವ ಆಸೆ, ಆದರೆ ಕೆಳಗಿನ ಅಕ್ಷರ ಓದುವಷ್ಟರಲ್ಲಿ ಮುಖ ತಪ್ಪಿಹೋಗುತ್ತದೆ.
– ಚಾಮರಾಜಪೇಟೆ

ಉತ್ತರ: ಅಮ್ಮಾ, ಮುಂದಿನ ಸಾಲುಗಳನ್ನು ಬಿಟ್ಟುಬಿಡಿ. ಅಲ್ಲಿ ಕಣ್ಣು ಮೇಲಕ್ಕೂ ಕೆಳಕ್ಕೂ ಓಡಾಡಬೇಕಾಗುತ್ತದೆ. ಹಿಂದಿನಿಂದ ಮೂರನೆಯದೋ ನಾಲ್ಕನೆಯದೋ ಸಾಲಿನ ನಡುವೆ ಕೂತರೆ ಮುಖ, ಅಕ್ಷರ ಎರಡೂ ಒಂದೇ ನೋಟಕ್ಕೆ ಸಿಗುತ್ತವೆ. ಇಳಿಜಾರು ಕಡಿಮೆ ಇರುವ ಹಳೆಯ ಚಿತ್ರಮಂದಿರವಾದರೆ ಓಡಾಡುವ ದಾರಿಯ ಹಿಂದಿನ ಮೊದಲ ಸಾಲು ಕೇಳಿ ಪಡೆಯಿರಿ, ಎದುರಿನವರ ತಲೆ ಅಕ್ಷರಕ್ಕೆ ಅಡ್ಡ ಬರುವುದಿಲ್ಲ. ಮೊದಲ ಹತ್ತು ನಿಮಿಷ ತಡವರಿಸುತ್ತೀರಿ. ನನಗೂ ಹಾಗೆಯೇ ಆಗುತ್ತದೆ. ಆಮೇಲೆ ಓದುತ್ತಿದ್ದೇನೆ ಎಂಬುದೇ ಮರೆತುಹೋಗುತ್ತದೆ.