ವಿಯೆಟ್ನಾಂನಿಂದ ಅಮೆರಿಕದ ಬಂಧುಗಳನ್ನು ಸೇರಿದ ನಿರಾಶ್ರಿತರಿಗೆ ಟಿಕೆಟ್, ಮನೆ ಯಾರು ಕೊಡಿಸಿದರು?

ಟಿಕೆಟ್ ಪುಕ್ಕಟೆ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಅಲ್ಲ, ಅದು ಸಾಲ! ಬಡ್ಡಿ ಇರಲಿಲ್ಲ, ಅಷ್ಟೇ. ಇವತ್ತು ಐಒಎಂ (ಅಂತರರಾಷ್ಟ್ರೀಯ ವಲಸೆ ಸಂಸ್ಥೆ) ಅಂತ ಕರೆಯುವ ಸಂಸ್ಥೆಯೇ ಆಗ ವಿಮಾನದಲ್ಲಿ ಸೀಟು ಕೊಡಿಸುತ್ತಿತ್ತು. ಅಮೆರಿಕ ಸೇರಿದ ಮೇಲೆ ಕಂತಿನಲ್ಲಿ ತೀರಿಸಬೇಕಿತ್ತು.

ದೋಣಿ ಹತ್ತಿ ಸಮುದ್ರದಲ್ಲಿ ಸಾಯುವವರು ಹೆಚ್ಚಾದಾಗ, 1979ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ವಿಭಾಗ ವಿಯೆಟ್ನಾಂ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡು ಕಾನೂನುಬದ್ಧ ದಾರಿ ತೆರೆಯಿತು. ಅಮೆರಿಕದಲ್ಲಿದ್ದ ಅಣ್ಣನೋ ಮಗಳೋ ಸಂಬಂಧದ ಬಗ್ಗೆ ಪ್ರಮಾಣಪತ್ರ ಕೊಡಬೇಕಿತ್ತು. ವಿಯೆಟ್ನಾಂನ ಹೋ ಚಿ ಮಿನ್ ನಗರದಲ್ಲಿ ಸಂದರ್ಶನ ನಡೆಯುತ್ತಿತ್ತು. ಸುಮ್ನೆ ಅಲ್ಲ, ವರ್ಷಗಟ್ಟಲೆ ಕಾದವರಿದ್ದಾರೆ. ಆಮೇಲೆ ಬ್ಯಾಂಕಾಕ್‌ಗೆ ವಿಮಾನ. ಹಲವರು ಫಿಲಿಪ್ಪೀನ್ಸ್‌ನ ಬಟಾನ್ ಶಿಬಿರದಲ್ಲಿ ತಿಂಗಳುಗಟ್ಟಲೆ ಇಂಗ್ಲಿಷ್ ಕಲಿತು ಮುಂದೆ ಹೋದರು.

ಮನೆ? ಚರ್ಚ್ ಸಂಸ್ಥೆಗಳು ಬಾಡಿಗೆಗೆ ಹುಡುಕಿ ಪಾತ್ರೆ, ಹಾಸಿಗೆ ಜೋಡಿಸುತ್ತಿದ್ದವು. ಎಷ್ಟೋ ಸಲ ಮೊದಲ ಮನೆ ಅಂದರೆ ನೆಂಟರ ಹಜಾರವೇ.