ಕಾಲುವೆಗಳನ್ನು ಸೋಲಿಸಿದ್ದು ರೈಲು ಒಂದೇ ಅಲ್ಲ

ಓದುಗರ ಪತ್ರ: ಇಂಗ್ಲೆಂಡಿನ ಕಾಲುವೆ ಜಾಲವನ್ನು ರೈಲು ನುಂಗಿತು ಎಂದು ಎಲ್ಲೆಡೆ ಓದುತ್ತೇವೆ. ಒಂದೇ ಕುದುರೆ 25 ಟನ್ ಎಳೆಯುತ್ತಿದ್ದ ಸಾರಿಗೆ ಅಷ್ಟು ಬೇಗ ಸೋತದ್ದು ಹೇಗೆ? ಲಾಕುಗಳನ್ನು (ದೋಣಿಯನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ, ಎರಡೂ ತುದಿಗೆ ಗೇಟು ಇರುವ ತೊಟ್ಟಿಗಳನ್ನು) ಅಗಲ ಮಾಡಿಕೊಳ್ಳಬಹುದಿತ್ತಲ್ಲ? ಇನ್ನೊಂದು: ಲಾಕಿನ ನಿಂತ ನೀರಿನಲ್ಲೂ ದೋಣಿ ಮುಳುಗುತ್ತದಂತೆ, ನಿಜವೇ?

ಸಂಪಾದಕರ ಉತ್ತರ: ರೈಲು ಹೊಡೆದ ಪೆಟ್ಟು ಸಣ್ಣದಲ್ಲ. ಆದರೆ ಅದು ಬರುವುದಕ್ಕೆ ಅರವತ್ತು ವರ್ಷ ಮೊದಲೇ ಕಾಲುವೆಯವರು ತಮ್ಮ ಕೈ ತಾವೇ ಕಟ್ಟಿಕೊಂಡಿದ್ದರು.

ಡ್ಯೂಕ್ ಆಫ್ ಬ್ರಿಡ್ಜ್‌ವಾಟರ್ ತನ್ನ ವರ್ಸ್ಲಿ ಗಣಿಯ ಕಲ್ಲಿದ್ದಲು ಸಾಗಿಸಲು 1761ರಲ್ಲಿ ತೆರೆದ ಕಾಲುವೆ ಸಮತಟ್ಟಾಗಿ ಹರಿಯುತ್ತಿತ್ತು. ಮ್ಯಾಂಚೆಸ್ಟರ್ ದಾರಿಯಲ್ಲಿ ಲಾಕೇ ಬೇಕಿರಲಿಲ್ಲ, ಹಾಗಾಗಿ ಅಗಲದ ಪ್ರಶ್ನೆಯೂ ಏಳಲಿಲ್ಲ. ಆ ಕಾಲುವೆಯ ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ 1766ರಲ್ಲಿ ಟ್ರೆಂಟ್ ಮತ್ತು ಮರ್ಸಿ ಕಾಲುವೆಗೆ ಕೈಹಾಕಿದಾಗ ನಡುವೆ ಹೇರ್‌ಕಾಸಲ್ ಗುಡ್ಡ ಅಡ್ಡ ನಿಂತಿತ್ತು. ಸುಮಾರು 2.6 ಕಿಲೋಮೀಟರ್ ಸುರಂಗ. ಕೊರೆದು ಮುಗಿಯಲು ಹನ್ನೊಂದು ವರ್ಷ ಹಿಡಿಯಿತು, ಅಷ್ಟರಲ್ಲಿ ಬ್ರಿಂಡ್ಲಿ ತೀರಿಕೊಂಡಿದ್ದ. ಸುರಂಗ ಕಿರಿದಾದಷ್ಟೂ ಖರ್ಚು ಕಡಿಮೆ. ಕುದುರೆ ನಡೆಯಲು ದಾರಿಯನ್ನೂ ಬಿಡಲಿಲ್ಲ. ದೋಣಿಯವರು ಮಲಗಿಕೊಂಡು ಸುರಂಗದ ಗೋಡೆಗೆ ಕಾಲು ಒದ್ದು ದೋಣಿ ತಳ್ಳಬೇಕಿತ್ತು. ಆ ಲೆಕ್ಕದಲ್ಲೇ ಗುಡ್ಡದ ಭಾಗದ ಲಾಕುಗಳೂ ಸುಮಾರು 72 ಅಡಿ ಉದ್ದ, 7 ಅಡಿ ಅಗಲಕ್ಕೆ ನಿಂತವು. ಇಂಗ್ಲೆಂಡಿನ ನಡುಭಾಗದ ಬಹುತೇಕ ಕಾಲುವೆಗಳು ಇದೇ ಅಳತೆ ಹಿಡಿದವು.

ಜಿಪುಣತನ ಒಂದೇ ಕಾರಣ ಎಂದರೆ ಅನ್ಯಾಯವಾಗುತ್ತದೆ. ನೀರಿನ ಲೆಕ್ಕ ನೋಡಿ. ಇದೇ ಅಳತೆಯ ಲಾಕಿನಲ್ಲಿ ನೀರು 7 ಅಡಿ ಇಳಿದರೆ ಒಂದು ಸಲಕ್ಕೆ ಸುಮಾರು 1 ಲಕ್ಷ ಲೀಟರ್ ಕೆಳಕ್ಕೆ ಹೋಯಿತು. ಗುಡ್ಡ ದಾಟುವ ದೋಣಿ ಹತ್ತುವಾಗ ಒಂದು ಲಾಕು, ಇಳಿಯುವಾಗ ಇನ್ನೊಂದು ಲಾಕು ನೀರನ್ನು ನೆತ್ತಿಯಿಂದ, ಅಂದರೆ ಕಾಲುವೆಯ ಅತಿ ಎತ್ತರದ ಮಟ್ಟದಿಂದ, ಕಸಿಯುತ್ತದೆ. ಅಗಲ ಇಮ್ಮಡಿಯಾದರೆ ನೀರೂ ಇಮ್ಮಡಿ. ನೆತ್ತಿಯಲ್ಲಿ ನದಿ ಇರುವುದಿಲ್ಲ. ಜಲಾಶಯ ಕಟ್ಟಬೇಕು, ಇಲ್ಲವೇ ಕೆಳಗಿನ ನೀರನ್ನು ಮೇಲೆತ್ತಬೇಕು. ಬರ್ಮಿಂಗ್‌ಹ್ಯಾಮ್ ಬಳಿಯ ಸ್ಮೆಥ್‌ವಿಕ್‌ನಲ್ಲಿ 1779ರಲ್ಲಿ ಬೌಲ್ಟನ್ ಮತ್ತು ವಾಟ್ ಉಗಿಯಂತ್ರ ಕೂರಿಸಿದ್ದು ಇದಕ್ಕೇ. ಅದೂ ಸಾಲದೆ, ಮುಂದೆ ನೆತ್ತಿಯನ್ನೇ ಕಡಿದು ಇಳಿಸಿದರು: ಮೊದಲು ಎಂಜಿನಿಯರ್ ಸ್ಮೀಟನ್ 491 ಅಡಿಯಿಂದ 473ಕ್ಕೆ, ಆಮೇಲೆ ಟೆಲ್‌ಫೋರ್ಡ್ ಹೊಸ ದಾರಿ ತೋಡಿ 453ಕ್ಕೆ.

ನೀರಿನ ಈ ಭಯ ಎಲ್ಲಿಗೆ ಮುಟ್ಟಿತ್ತು ಎಂಬುದಕ್ಕೆ ಬರ್ಮಿಂಗ್‌ಹ್ಯಾಮ್‌ನ ವುಸ್ಟರ್ ಬಾರ್ ಸಾಕ್ಷಿ. ಹೊಸ ವುಸ್ಟರ್ ಕಾಲುವೆ ತಮ್ಮ ನೀರು ಎಳೆದುಕೊಂಡೀತು ಎಂದು ಹಳೇ ಕಾಲುವೆಯ ಕಂಪನಿ ಎರಡರ ನಡುವೆ 7 ಅಡಿ ದಪ್ಪದ ತಡೆಗೋಡೆ ಉಳಿಸಿಕೊಂಡಿತು. ಈಚೆ ದೋಣಿ, ಆಚೆ ದೋಣಿ. ಮಧ್ಯೆ ಕೂಲಿಯಾಳುಗಳು ಕಲ್ಲಿದ್ದಲನ್ನೂ ಮೂಟೆಗಳನ್ನೂ ಗೋಡೆ ದಾಟಿಸಬೇಕು. ಅಲ್ಲಿ ಲಾಕು ಇಡಲು ಒಪ್ಪಿಗೆ ಸಿಕ್ಕಿದ್ದು 1815ರಲ್ಲಿ! ಹಡರ್ಸ್‌ಫೀಲ್ಡ್‌ನಲ್ಲಿ ಇನ್ನೊಂದು ಬಗೆಯ ತಾಪತ್ರಯ. ಅಲ್ಲಿ ಕೂಡುವ ಎರಡು ಕಾಲುವೆಗಳಲ್ಲಿ ಒಂದು ಕಡೆಯ ಲಾಕು ಉದ್ದ ಆದರೆ ಕಿರಿದು, ಇನ್ನೊಂದು ಕಡೆಯದು ಅಗಲ ಆದರೆ 57 ಅಡಿ ಆರು ಇಂಚು ಉದ್ದ. ಎರಡೂ ಕಡೆಯ ಪೂರ್ಣ ಅಳತೆಯ ದೋಣಿಗಳು ಊರಲ್ಲೇ ಸರಕು ಬದಲಾಯಿಸಬೇಕು. ಕಂಪನಿಗೊಂದು ಸುಂಕ, ಕಂಪನಿಗೊಂದು ಅಳತೆ. 1830ರ ನಂತರ ರೈಲು ಎದುರಿಸಿದ್ದು ಜಾಲವನ್ನಲ್ಲ, ಒಂದಕ್ಕೊಂದು ಹೊಂದದ ತುಂಡುಗಳನ್ನು.

ಅಗಲ ಮಾಡುವ ಯತ್ನ ನಡೆಯಲಿಲ್ಲ ಎಂದೇನಿಲ್ಲ. 1906ರಲ್ಲಿ ನೇಮಿಸಿದ ರಾಯಲ್ ಕಮಿಷನ್, ಥೇಮ್ಸ್, ಸೆವರ್ನ್, ಮರ್ಸಿ, ಹಂಬರ್ ನದೀಮುಖಗಳನ್ನು ಕೂಡಿಸುವ ಶಿಲುಬೆಯಾಕಾರದ ದಾರಿಯನ್ನು 100 ಟನ್ ದೋಣಿಗೆ ತಕ್ಕಂತೆ ಹಿಗ್ಗಿಸಿ ಎಂದಿತು. ವರದಿ ವರದಿಯಾಗಿಯೇ ಉಳಿಯಿತು. 1930ರ ದಶಕದಲ್ಲಿ ಗ್ರ್ಯಾಂಡ್ ಯೂನಿಯನ್ ಕಂಪನಿ ಬರ್ಮಿಂಗ್‌ಹ್ಯಾಮ್ ಕಡೆಗೆ ಐವತ್ತಕ್ಕೂ ಹೆಚ್ಚು ಅಗಲ ಲಾಕು ಕಟ್ಟಿ 1934ರಲ್ಲಿ ತೆರೆಯಿತು. ಆದರೆ ಕೊನೆಯ ಕ್ಯಾಂಪ್ ಹಿಲ್ ಲಾಕುಗಳು ಕಿರಿದಾಗಿಯೇ ಉಳಿದವು. ಊರ ಬಾಗಿಲಲ್ಲೇ ದಾರಿ ಮುಚ್ಚಿದ ಮೇಲೆ ಅಗಲದ ದೋಣಿ ಕಟ್ಟಿಸುವವರು ಯಾರು? ಕಿರಿದೋಣಿಗಳೇ ಜೋಡಿಯಾಗಿ ಆ ದೊಡ್ಡ ಲಾಕುಗಳಲ್ಲಿ ಓಡಾಡಿದವು. 1948ರಲ್ಲಿ ಬಹುತೇಕ ಕಾಲುವೆಗಳು ಸರ್ಕಾರದ ಪಾಲಾದವು. 1962–63ರ ಚಳಿಗಾಲದಲ್ಲಿ ನೀರು ವಾರಗಟ್ಟಲೆ ಹೆಪ್ಪುಗಟ್ಟಿ, ಉಳಿದಿದ್ದ ಸರಕೂ ಲಾರಿ ಹತ್ತಿತು.

ಇನ್ನು ಮುಳುಗುವ ಮಾತು. ನಿಜ, ಮತ್ತು ಹೆಚ್ಚಾಗಿ ಕೆಳಗಿಳಿಯುವಾಗ. ಲಾಕಿನ ಮೇಲ್ಗೇಟು ನಿಲ್ಲುವುದು ಸಿಲ್ ಎಂಬ ಕಲ್ಲು ಅಥವಾ ಕಾಂಕ್ರೀಟ್ ಹೊಸ್ತಿಲ ಮೇಲೆ. ಲಾಕು ತುಂಬಿದಾಗ ಅದು ಕಾಣುವುದಿಲ್ಲ. ದೋಣಿಯ ಹಿಂಭಾಗ ಅದರ ಮೇಲಿದ್ದಾಗ ಕೆಳಗಿನ ತೂಬು ಎತ್ತಿದರೆ, ಮುಂಭಾಗ ನೀರಿನೊಂದಿಗೆ ಇಳಿಯುತ್ತದೆ, ಹಿಂಭಾಗ ಕಲ್ಲಿನ ಮೇಲೆ ಕೂತುಬಿಡುತ್ತದೆ. ವಾಲಿದ ದೋಣಿಗೆ ನೀರು ನುಗ್ಗಲು ಒಂದೆರಡು ನಿಮಿಷ ಸಾಕು. ಗೋಡೆಯ ಮೇಲೆ ಬಿಳಿ ಗೆರೆ ಎಳೆದಿರುತ್ತಾರೆ. ಚುಕ್ಕಾಣಿ ಸಮೇತ ದೋಣಿ ಆ ಗೆರೆಗಿಂತ ಮುಂದಿರಬೇಕು. ಸಿಕ್ಕಿಹಾಕಿಕೊಂಡರೆ ಮೊದಲು ಕೆಳಗಿನ ತೂಬುಗಳನ್ನು ಪೂರ್ತಿ ಮುಚ್ಚಿ, ಆಮೇಲೆ ಮೇಲಿನ ತೂಬನ್ನು ನಿಧಾನವಾಗಿ ಎತ್ತಿ ದೋಣಿಯನ್ನು ತೇಲಿಸಬೇಕು. ಗಾಬರಿಯಲ್ಲಿ ಮೇಲಿನದನ್ನೇ ಮೊದಲು ಎತ್ತಿದರೆ ನೀರು ಆಚೆಯಿಂದ ಬಂದು ಈಚೆಯಿಂದ ಹೋಗುತ್ತದೆ, ಮಟ್ಟ ಏರುವುದಿಲ್ಲ. ಹತ್ತುವಾಗ ಇರುವ ಅಪಾಯ ಬೇರೆ: ಮೇಲಿನ ತೂಬನ್ನು ಒಮ್ಮೆಗೇ ಎತ್ತಿದರೆ ಸೆಳೆತಕ್ಕೆ ದೋಣಿ ಮುಂದಕ್ಕೆ ನುಗ್ಗಿ ಮೂತಿ ಗೇಟಿನ ಮರಕ್ಕೆ ಸಿಕ್ಕಿಕೊಳ್ಳುತ್ತದೆ. ಅರ್ಧ ಎತ್ತಿ, ದೋಣಿ ಸ್ಥಿಮಿತಕ್ಕೆ ಬಂದ ಮೇಲೆ ಉಳಿದರ್ಧ.

ಇಂದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 2,000 ಮೈಲಿ ಜಲಮಾರ್ಗ 2012ರಲ್ಲಿ ಶುರುವಾದ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಕೈಯಲ್ಲಿದೆ. ಬಹುಪಾಲು ವಿಹಾರದ ದೋಣಿಗಳು. ಹಳೇ ಅಳತೆಗಳು ಇನ್ನೂ ಬಿಟ್ಟಿಲ್ಲ. ಬಹುತೇಕ ಎಲ್ಲ ಕಡೆ ಸುತ್ತಬೇಕೆನ್ನುವವರು 57 ಅಡಿ ಉದ್ದ ಮೀರದ ದೋಣಿ ಕೊಳ್ಳುತ್ತಾರೆ. ಅಗಲ ಆರು ಅಡಿ ಹತ್ತು ಇಂಚು, ಏಕೆಂದರೆ ಕೆಲವು ಲಾಕುಗಳ ಗೋಡೆಗಳು ಮಣ್ಣಿನ ಒತ್ತಡಕ್ಕೆ ಒಳಕ್ಕೆ ಉಬ್ಬಿ, ಏಳು ಅಡಿಯೂ ಈಗ ಪೂರ್ತಿ ಏಳು ಅಡಿಯಾಗಿ ಉಳಿದಿಲ್ಲ.